ಸಿಎಜಿ 44: ರಿಪೋರ್ಟಿನ ನಂಬರು ಮೆದುಳಿನಲ್ಲಿ ನಿಲ್ಲುವುದಿಲ್ಲ

ಹೋದ ತಿಂಗಳು ನನ್ನ ಹಳೇ ವಿದ್ಯಾರ್ಥಿಯೊಬ್ಬ ವಿಜಯಪುರದ ನಮ್ಮ ಮನೆಗೆ ಬಂದಿದ್ದ. ಜೊತೆಗೆ ಅವರಪ್ಪ. ಬಸವನ ಬಾಗೇವಾಡಿ ಕಡೆಯವರು. ಅಪ್ಪ ಹದಿನೆಂಟು ವರ್ಷ ಲಾರಿ ಓಡಿಸಿದವರು, ಒಣದ್ರಾಕ್ಷಿ ಬಾಕ್ಸು ತುಂಬಿಕೊಂಡು ತಾಸಗಾಂವ್ ಮಾರುಕಟ್ಟೆಗೆ ಹೋಗಿ ಬರುತ್ತಿದ್ದವರು. ಈಗ ಗಾಡಿ ಬಿಟ್ಟು ಐದು ವರ್ಷ. ಕುರ್ಚಿ ಮೇಲೆ ಕೂತಿದ್ದರು, ಆದರೆ ಬೆರಳು ಕೂತಿರಲಿಲ್ಲ. ಕಾಣದ ತಬಲಾ ಬಾರಿಸಿದ ಹಾಗೆ ಒಂದೊಂದೇ ಬೆರಳು ಏಳುತ್ತಿತ್ತು, ಆಮೇಲೆ ಭುಜ ಜಗ್ಗುತ್ತಿತ್ತು, ಹುಬ್ಬು ಹಾರುತ್ತಿತ್ತು.

ಹುಡುಗ ಪ್ಲಾಸ್ಟಿಕ್ ಕವರಿನಿಂದ ಒಂದು ಹಾಳೆ ತೆಗೆದ. "ಸರ, ಇದೊಂದು ಓದಿ ಹೇಳ್ರಿ. ಡಾಕ್ಟರು ಹೇಳಿದ್ದು ಅರ್ಧಾ ತಿಳೀತು, ಅರ್ಧಾ ತಿಳೀಲಿಲ್ಲ."

ಹಾಳೆಯಲ್ಲಿ ಇದ್ದದ್ದು ಒಂದೇ ಮುಖ್ಯ ಸಾಲು. ಎಚ್‌ಟಿಟಿ ಜೀನ್, ಸಿಎಜಿ 17 ಮತ್ತು 44. ಅಂದರೆ ಹಂಟಿಂಗ್ಟನ್ ಕಾಯಿಲೆ, ಮೆದುಳಿನ ಕೋಶ ಸಾಯುತ್ತಾ ಕೈಕಾಲು ತಾನಾಗಿ ಆಡುವ, ಮನೆತನದಲ್ಲಿ ಹರಿದುಬರುವ ಕಾಯಿಲೆ.

ಈ ಹಾಳೆ ಸಿಗುವ ಮೊದಲು ಏನೆಲ್ಲಾ ಆಗಿತ್ತು ಅಂತ ಕೇಳಿದರೆ, ನಮ್ಮ ಕಡೆಯವರಿಗೆ ಗೊತ್ತಿರುವ ದಾರಿಯೇ. ಮೊದಲು ಊರವರು "ಕುಡದಾನ" ಅಂದರು. ಆಮೇಲೆ "ಯಾರೋ ಮಾಡಿಸ್ಯಾರ" ಅಂದರು. ಆಮೇಲೆ ನರದ ಡಾಕ್ಟರು, ಎಂಆರ್‌ಐ, ಮಾತ್ರೆ. ನಡುವೆ ಒಂದು ಲ್ಯಾಬಿನಲ್ಲಿ "ಎಲ್ಲಾ ಜೀನ್ ನೋಡುವ ದೊಡ್ಡ ಟೆಸ್ಟ್" ಅಂತ ಮಾಡಿಸಿದ್ದರು, ಎಮ್ಮೆ ಮಾರಿದ ದುಡ್ಡಿನಲ್ಲಿ. ಅದರಲ್ಲಿ ದೋಷ ಏನೂ ಕಂಡಿಲ್ಲ ಅಂತ ಬಂತು. ಮನೆಯವರು ಸಿಹಿ ಹಂಚಿದ್ದರಂತೆ. ಎರಡು ವರ್ಷ ಆದ ಮೇಲೆ ಬೇರೆ ಡಾಕ್ಟರು ಬರೀ ಒಂದೇ ಜೀನಿನ ಸಣ್ಣ ಟೆಸ್ಟ್ ಬರೆದುಕೊಟ್ಟರು, 44 ಸಿಕ್ಕಿತು.

ದೊಡ್ಡ ಟೆಸ್ಟಿಗೆ ಕಾಣದ್ದು ಸಣ್ಣ ಟೆಸ್ಟಿಗೆ ಹೇಗೆ ಕಂಡಿತು? 44 ಅಂದರೆ ಏನು ಕೆಟ್ಟಿದೆ? ಈ ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ, ಡಿಎನ್‌ಎಯಲ್ಲಿ ಒಂದೇ ಪದ ಮತ್ತೆ ಮತ್ತೆ ಬರುವ ರೀತಿಯಲ್ಲಿ. ನಾನು ಇಪ್ಪತ್ತು ವರ್ಷ ಕಾಲೇಜಿನಲ್ಲಿ ಬಯಾಲಜಿ ಪಾಠ ಮಾಡಿದ್ದೇನೆ, ಈ ಕಾಯಿಲೆಯನ್ನೂ ಪಾಠ ಮಾಡಿದ್ದೇನೆ. ನಾನು ಆಗ ಹೇಳುತ್ತಿದ್ದದ್ದು ಅರ್ಧ ಕಥೆ ಅಂತ ಈಗ ಅನ್ನಿಸುತ್ತಿದೆ.

ಆ ಅರ್ಧ ಕಥೆ ಹೀಗಿತ್ತು. ಡಿಎನ್‌ಎ ಅಂದರೆ ಎ, ಟಿ, ಜಿ, ಸಿ ಅನ್ನುವ ನಾಲ್ಕೇ ಅಕ್ಷರದಲ್ಲಿ ಬರೆದ ಪುಸ್ತಕ, ನಮ್ಮಲ್ಲಿ ಸುಮಾರು 300 ಕೋಟಿ ಅಕ್ಷರ. ಮೂರು ಮೂರು ಅಕ್ಷರ ಸೇರಿ ಪ್ರೋಟೀನಿನ ಒಂದು ಮಣಿ ಆಗುತ್ತದೆ. ಸಿಎಜಿ ಅಂದರೆ ಗ್ಲುಟಮಿನ್ ಅನ್ನುವ ಮಣಿ. ಎಚ್‌ಟಿಟಿ ಜೀನಿನ ಶುರುವಿನಲ್ಲೇ ಈ ಸಿಎಜಿ ಸಾಲಾಗಿ ಬರುತ್ತದೆ, ಹೆಚ್ಚಿನವರಲ್ಲಿ ಇಪ್ಪತ್ತರ ಆಸುಪಾಸು ಸಲ. ಈ ಜೀನು ಪ್ರತಿಯೊಬ್ಬರಲ್ಲೂ ಎರಡು, ಅಪ್ಪನದೊಂದು ಅಮ್ಮನದೊಂದು, ಅದಕ್ಕೇ ಹಾಳೆಯಲ್ಲಿ ಎರಡು ನಂಬರು. 26ರವರೆಗೆ ಏನೂ ತೊಂದರೆ ಇಲ್ಲ. 27ರಿಂದ 35 ಇದ್ದರೆ ಆ ಮನುಷ್ಯನಿಗೆ ಕಾಯಿಲೆ ಬರುವುದಿಲ್ಲ, ಆದರೆ ಮಕ್ಕಳಿಗೆ ಹೋಗುವಾಗ ಉದ್ದ ಆಗಬಹುದು. 36ರಿಂದ 39 ಇದ್ದರೆ ಬರಬಹುದು, ಬರದೇನೂ ಇರಬಹುದು. 40 ಮುಟ್ಟಿದರೆ, ಆಯುಷ್ಯ ಇದ್ದರೆ, ಬಂದೇ ಬರುತ್ತದೆ. ಸಿಎಜಿ ಜಾಸ್ತಿ ಆದರೆ ಗ್ಲುಟಮಿನ್ ಜಾಸ್ತಿ, ಪ್ರೋಟೀನು ಅಂಟು ಅಂಟಾಗಿ ಮೆದುಳಿನ ಜೀವಕೋಶದಲ್ಲಿ ಗಡ್ಡೆ ಕಟ್ಟುತ್ತದೆ, ಕೋಶ ಸಾಯುತ್ತದೆ. ಮುಗಿಯಿತು, ಹತ್ತು ಮಾರ್ಕಿನ ಉತ್ತರ.

ಆದರೆ ಒಂದು ಮಾತು ಕ್ಲಾಸಿನಲ್ಲಿ ಯಾರೂ ಕೇಳುತ್ತಿರಲಿಲ್ಲ. ಈ ಅಪ್ಪ ಹುಟ್ಟಿದ ದಿನವೇ 44 ಇತ್ತಲ್ಲ? ಕೆಟ್ಟ ಪ್ರೋಟೀನು ಮೊದಲ ದಿನದಿಂದಲೇ ಆಗುತ್ತಿತ್ತಲ್ಲ? ಹಾಗಿದ್ದರೆ 42ನೇ ವಯಸ್ಸಿನ ತನಕ ಮನುಷ್ಯ ರಾತ್ರಿ ಲಾರಿ ಓಡಿಸಿದ್ದು ಹೇಗೆ? ಇಷ್ಟು ವರ್ಷ ಕಾಯಿಲೆ ಏನು ಮಾಡುತ್ತಾ ಕೂತಿತ್ತು?

ಎಣಿಸುತ್ತಾ ಕೂತಿತ್ತು ಅನ್ನುವುದು ಈಗಿನ ಉತ್ತರ.

ಇದನ್ನು ಹೇಳುವುದಕ್ಕೆ ಗೋಳಗುಮ್ಮಟದ ಪ್ರತಿಧ್ವನಿಯ ಉದಾಹರಣೆ ಕೊಡೋಣ ಅಂದುಕೊಂಡೆ, ಮನೆ ಹತ್ತಿರವೇ ಇದೆ ನೋಡಿ. ಆದರೆ ಹೊಂದುವುದಿಲ್ಲ. ಅಲ್ಲಿ ಒಂದು ಸಲ ಕೂಗಿದರೆ ಏಳೆಂಟು ಸಲ ಕೇಳುತ್ತದೆ, ಪ್ರತಿ ಸಲವೂ ಸಣ್ಣದಾಗುತ್ತಾ ಹೋಗುತ್ತದೆ. ಇಲ್ಲಿ ಆಗುವುದು ಉಲ್ಟಾ. ಹಗ್ಗದ ಉದಾಹರಣೆಯೇ ವಾಸಿ.

ಪುಂಡಿ ನಾರಿನ ಹಗ್ಗ ಹೊಸೆಯುವುದನ್ನು ನೋಡಿದವರಿಗೆ ಗೊತ್ತು. ಎರಡು ಎಳೆ ಒಂದಕ್ಕೊಂದು ಸುತ್ತಿಕೊಂಡು ಹುರಿ ಬೀಳುತ್ತದೆ, ಜಗ್ಗಿ ಹಿಡಿದಷ್ಟು ಹೊತ್ತು ನೆಟ್ಟಗೆ ಇರುತ್ತದೆ. ಸ್ವಲ್ಪ ಸಡಿಲ ಬಿಡಿ, ಅಥವಾ ಎಳೆಗಳನ್ನು ನಡುವೆ ಬಿಡಿಸಿ. ಒಂದು ಎಳೆ ತನ್ನ ಮೇಲೆ ತಾನೇ ಸುತ್ತಿಕೊಂಡು ಪಕ್ಕಕ್ಕೆ ಒಂದು ಕುಣಿಕೆ ಏಳುತ್ತದೆ. ಎಷ್ಟು ಒತ್ತಿದರೂ ಕೂರುವುದಿಲ್ಲ.

1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಹೇಳಿದ ಎರಡೆಳೆಯ ಏಣಿಯೇ ಡಿಎನ್‌ಎ ಅಂತ ನಾವೆಲ್ಲ ಓದಿದ್ದೇವೆ. ತಪ್ಪಲ್ಲ. ಆದರೆ ಜೀವಕೋಶದಲ್ಲಿ ಡಿಎನ್‌ಎ ಸುಮ್ನೆ ನೆಟ್ಟಗೆ ಮಲಗಿರುವುದಿಲ್ಲ. ಜೀನ್ ಓದಬೇಕಾದಾಗ, ರಿಪೇರಿ ಮಾಡಬೇಕಾದಾಗ ಎಳೆ ಬಿಡಿಸಬೇಕು. ಬಿಡಿಸಿದ ಜಾಗದಲ್ಲಿ ಸಾಮಾನ್ಯ ಬರಹ ಇದ್ದರೆ ಎಳೆ ಮತ್ತೆ ಜೋಡಿ ಜೊತೆ ಕೂಡಿಕೊಳ್ಳುತ್ತದೆ. ಅದೇ ಸಿಎಜಿ ಸಿಎಜಿ ಸಿಎಜಿ ಅಂತ ಒಂದೇ ಪದ ಇದ್ದರೆ, ಎಳೆಗೆ ತನ್ನ ಜೋಡಿಯೇ ಬೇಕು ಅಂತ ಇಲ್ಲ. ಮಡಚಿಕೊಂಡರೆ ತನ್ನದೇ ಸಿ ಪಕ್ಕ ತನ್ನದೇ ಜಿ ಬರುತ್ತದೆ, ಅವೆರಡು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ನಡುವಿನ ಎ ಎದುರು ಎ ಬರುತ್ತದೆ, ಅವಕ್ಕೆ ಹೊಂದಾಣಿಕೆ ಇಲ್ಲ. ಆದರೂ ಆಚೆ ಈಚೆ ಎರಡು ಗಟ್ಟಿ ಜೋಡಿ ಇರುವುದರಿಂದ ಅದು ನಡೆದುಹೋಗುತ್ತದೆ, ಜಗಳಗಂಟ ದಾಯಾದಿಯನ್ನು ನಡುವೆ ಕೂರಿಸಿಕೊಂಡು ಊಟಕ್ಕೆ ಕೂತ ಪಂಕ್ತಿ ಹಾಗೆ. ತಲೆಗೂದಲಿನ ಪಿನ್ನಿನ ಆಕಾರ ಬರುವುದರಿಂದ ಇದಕ್ಕೆ ಹೇರ್‌ಪಿನ್ ಅಂತಲೇ ಹೆಸರು. ಸಾಲು ಉದ್ದ ಆದಷ್ಟೂ ಪಿನ್ನು ಗಟ್ಟಿ.

ಇಲ್ಲಿ ತನಕ ಬರೀ ಆಕಾರದ ಮಾತು. ಕಾಯಿಲೆ ಮಾಡುವುದು ಮುಂದಿನ ಹೆಜ್ಜೆ, ಅದೂ ರಿಪೇರಿ ಮಾಡುವವರ ಕೈಯಿಂದ.

ನಮ್ಮ ಜೀವಕೋಶದಲ್ಲಿ ಡಿಎನ್‌ಎ ತಪ್ಪು ಹುಡುಕಿ ಸರಿ ಮಾಡುವ ಪ್ರೋಟೀನುಗಳಿವೆ. ಅವುಗಳಲ್ಲಿ ಎಂಎಸ್‌ಎಚ್2 ಮತ್ತು ಎಂಎಸ್‌ಎಚ್3 ಅನ್ನುವ ಜೋಡಿಯ ಕೆಲಸ ಇಂಥ ಉಬ್ಬು ಹುಡುಕುವುದು. ಕೌದಿ ಹೊಲಿಯುವುದನ್ನು ನೆನಪಿಸಿಕೊಳ್ಳಿ. ಮೇಲಿನ ಬಟ್ಟೆ ಒಂದು ಕಡೆ ನೆರಿಗೆ ಬಿದ್ದು ಉಬ್ಬಿದೆ, ಕೆಳಗಿನ ಬಟ್ಟೆ ಸಪಾಟಾಗಿದೆ. ಕೈ ಪಳಗಿದ ಅಜ್ಜಿ ನೆರಿಗೆಯನ್ನು ಜಗ್ಗಿ ಸರಿ ಮಾಡುತ್ತಾಳೆ. ಈ ರಿಪೇರಿ ಜೋಡಿ ಏನು ಮಾಡುತ್ತದೆ ಅಂದರೆ, ಓ, ಕೆಳಗಿನ ಬಟ್ಟೆ ಕಡಿಮೆ ಬಿದ್ದಿದೆ ಅಂತ ತಿಳಿದುಕೊಂಡು ಅದನ್ನು ಕತ್ತರಿಸಿ ನಡುವೆ ಒಂದು ತೇಪೆ ಹಾಕಿಸುತ್ತದೆ. ಈಗ ಎರಡೂ ಬಟ್ಟೆ ಸರಿಸಮ, ಉಬ್ಬು ಹೋಯಿತು, ಕೆಲಸ ಚೊಕ್ಕ. ಆದರೆ ಕೌದಿ ಒಂದು ಬೆರಳು ಉದ್ದ ಆಯಿತು. 44 ಇದ್ದದ್ದು 45 ಆಯಿತು.

ನಾಳೆ ಮತ್ತೆ ಮಡಚುತ್ತದೆ. ಮತ್ತೆ ತೇಪೆ.

ಮೆದುಳಿನ ನರಕೋಶ ಒಂದು ಸಲ ಆದ ಮೇಲೆ ಒಡೆದು ಎರಡಾಗುವುದಿಲ್ಲ ಅನ್ನುವುದನ್ನು ಇಲ್ಲಿ ಗಮನಿಸಬೇಕು. ಡಿಎನ್‌ಎ ನಕಲು ಮಾಡುವಾಗ ತಪ್ಪುತ್ತದೆ ಅಂತ ಪುಸ್ತಕದಲ್ಲಿ ಇರುವ ಮಾತು ನರಕೋಶಕ್ಕೆ ಸಾಲುವುದಿಲ್ಲ, ಅಲ್ಲಿ ನಕಲೇ ಇಲ್ಲ. ಓದುವಾಗ ಬಿಡಿಸಿದ ಎಳೆ, ರಿಪೇರಿಗೆ ಬಿಡಿಸಿದ ಎಳೆ, ಅಷ್ಟೇ ಸಾಕು. ಇಲಿಗಳಲ್ಲಿ ಎಂಎಸ್‌ಎಚ್2 ಅಥವಾ ಎಂಎಸ್‌ಎಚ್3 ತೆಗೆದು ನೋಡಿದ್ದಾರೆ, ಸಿಎಜಿ ಸಾಲು ಬೆಳೆಯುವುದು ನಿಲ್ಲುತ್ತದೆ. ಅಂದರೆ ಸಾಲನ್ನು ಬೆಳೆಸುತ್ತಿರುವುದು ರಿಪೇರಿಯೇ.

ಇದನ್ನೆಲ್ಲ ಇಲಿ ಮಾತು ಅಂತ ಬಿಡಬಹುದಿತ್ತು, ಮನುಷ್ಯರ ಲೆಕ್ಕ ಬರದೇ ಹೋಗಿದ್ದರೆ. ಹಂಟಿಂಗ್ಟನ್ ರೋಗಿಗಳ ಡಿಎನ್‌ಎಯನ್ನು ಸಾವಿರಗಟ್ಟಲೆ ಸೇರಿಸಿ, ಒಂದೇ ಸಿಎಜಿ ಸಂಖ್ಯೆ ಇದ್ದರೂ ಒಬ್ಬರಿಗೆ ಬೇಗ ಒಬ್ಬರಿಗೆ ತಡವಾಗಿ ಕಾಯಿಲೆ ಯಾಕೆ ಶುರುವಾಗುತ್ತದೆ ಅಂತ ಹುಡುಕಿದರು. 2015ರಲ್ಲಿ ಮೊದಲ ದೊಡ್ಡ ಫಲಿತಾಂಶ, 2019ರಲ್ಲಿ 9 ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ. ಸಿಕ್ಕಿದ ಜೀನುಗಳಲ್ಲಿ ಪ್ರೋಟೀನ್ ಗಡ್ಡೆಗೆ ಸಂಬಂಧಪಟ್ಟವು ಮುಂದೆ ಬರಬೇಕಿತ್ತು, ಅಲ್ವಾ? ಮುಂದೆ ಬಂದದ್ದು ಎಫ್‌ಎಎನ್1, ಎಂಎಸ್‌ಎಚ್3, ಎಂಎಲ್‌ಎಚ್1, ಹೆಚ್ಚಿನವು ಡಿಎನ್‌ಎ ರಿಪೇರಿಯವೇ.

ಅದೇ 2019ರ ಲೆಕ್ಕದಲ್ಲಿ ಇನ್ನೊಂದು ಸಣ್ಣ ವಿಷಯ ಇತ್ತು. ನನಗೆ ಇಡೀ ವಾದದಲ್ಲಿ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ್ದು ಅದೇ. ಸಾಮಾನ್ಯವಾಗಿ ಸಿಎಜಿ ಸಾಲಿನ ಕೊನೆಯಲ್ಲಿ, ಕೊನೇ ಸಿಎಜಿಯ ಮುಂಚೆ ಒಂದು ಸಿಎಎ ಇರುತ್ತದೆ. ಸಿಎಎ ಅಂದರೂ ಗ್ಲುಟಮಿನ್ನೇ. ಅಂದರೆ ಪ್ರೋಟೀನಿಗೆ ಸಿಎಜಿ ಆದರೇನು ಸಿಎಎ ಆದರೇನು, ಎರಡೂ ಅದೇ ಮಣಿ. ಕೆಲವರಲ್ಲಿ ಈ ಸಿಎಎ ಇರುವುದಿಲ್ಲ, ಆ ಜಾಗದಲ್ಲೂ ಸಿಎಜಿಯೇ. ಪ್ರೋಟೀನ್ ಒಂದು ಚೂರೂ ಬದಲಾಗಿಲ್ಲ. ಆದರೂ ಅವರಿಗೆ ಕಾಯಿಲೆ ಹಲವು ವರ್ಷ ಮೊದಲೇ ಬರುತ್ತದೆ. ಪ್ರೋಟೀನೇ ಎಲ್ಲದಕ್ಕೂ ಕಾರಣ ಆಗಿದ್ದರೆ ಹೀಗೆ ಆಗಬಾರದಿತ್ತು. ಕಾಯಿಲೆಯ ಗಡಿಯಾರ ನಡೆಸುತ್ತಿರುವುದು ಗ್ಲುಟಮಿನ್ ಎಷ್ಟು ಅನ್ನುವುದಲ್ಲ, ನಡುವೆ ಅಡ್ಡ ಬರದ ಶುದ್ಧ ಸಿಎಜಿ ಸಾಲು ಎಷ್ಟು ಉದ್ದ ಅನ್ನುವುದು. ಒಂದು ಸಿಎಎ ಅಂದರೆ ಆ ಹಗ್ಗದ ನಡುವೆ ಸಿಕ್ಕಿಸಿದ ಬೇರೆ ನಾರು. ಅದು ಇದ್ದರೆ ಎಳೆ ಅಷ್ಟು ಸಲೀಸಾಗಿ ಸುತ್ತಿಕೊಳ್ಳುವುದಿಲ್ಲ.

ಇನ್ನು 2025ರ ಜನವರಿ. ಅಮೆರಿಕದ ಬೋಸ್ಟನ್ ಕಡೆಯ ವಿಜ್ಞಾನಿಗಳು, ಸ್ಟೀವನ್ ಮೆಕ್ಯಾರಲ್ ತಂಡ, ತೀರಿಕೊಂಡ ರೋಗಿಗಳ ಮೆದುಳಿನಲ್ಲಿ ಒಂದೊಂದೇ ಕೋಶ ತೆಗೆದು ಅದರೊಳಗೆ ಸಿಎಜಿ ಎಷ್ಟಿದೆ, ಆ ಕೋಶದ ಆರೋಗ್ಯ ಹೇಗಿದೆ ಅಂತ ಒಟ್ಟಿಗೆ ಅಳೆದರು. ಈ ಕಾಯಿಲೆಯಲ್ಲಿ ಮೊದಲು ಸಾಯುವುದು ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಅನ್ನುವ ಭಾಗದ ಒಂದು ಜಾತಿಯ ನರಕೋಶ. ಹುಟ್ಟುವಾಗ 40ರಿಂದ 45 ಇದ್ದವರ ಆ ಕೋಶಗಳಲ್ಲಿ ನೂರು, ಇನ್ನೂರು, ಐನೂರಕ್ಕೂ ಮೇಲೆ ಸಿಎಜಿ ಇತ್ತು. ಇನ್ನೂ ಆಶ್ಚರ್ಯ ಏನೆಂದರೆ, 150 ಮುಟ್ಟುವ ತನಕ ಆ ಕೋಶ ಹೆಚ್ಚುಕಡಿಮೆ ಆರಾಮಾಗಿಯೇ ಇದ್ದಂತೆ ಕಂಡಿತು. 150 ದಾಟಿದ ಮೇಲೆ ತಾನು ಯಾವ ಜಾತಿಯ ಕೋಶ ಅನ್ನುವುದನ್ನೇ ಮರೆಯಲು ಶುರು ಮಾಡುತ್ತದೆ, ಮುಚ್ಚಿರಬೇಕಾದ ಜೀನುಗಳು ತೆರೆದುಕೊಳ್ಳುತ್ತವೆ, ಕೊನೆಗೆ ಸಾಯುತ್ತದೆ. ಅವರ ಲೆಕ್ಕದ ಪ್ರಕಾರ 40ರಿಂದ 80 ಆಗುವುದಕ್ಕೆ ದಶಕಗಳೇ ಬೇಕು, 80ರಿಂದ 150 ಅದಕ್ಕಿಂತ ಎಷ್ಟೋ ಬೇಗ. ಉದ್ದ ಆದಷ್ಟು ಪಿನ್ನು ಗಟ್ಟಿ, ಗಟ್ಟಿ ಆದಷ್ಟು ತೇಪೆ ಜಾಸ್ತಿ.

ಹಾಗಾಗಿ ಆ ಹಾಳೆಯ ಮೇಲಿನ 44 ರಕ್ತದ ಲೆಕ್ಕ. ರಕ್ತದಲ್ಲಿ ಅದು ಹೆಚ್ಚು ಬದಲಾಗುವುದಿಲ್ಲ. ಮೆದುಳಿನಲ್ಲಿ ಕೋಶಕ್ಕೊಂದು ನಂಬರು. ನಾನು ಹುಡುಗನಿಗೆ ಇದನ್ನು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು "ಮೀಟರ್ ಬಡ್ಡಿ ಇದ್ದಂಗ್ರಿ ಸರ" ಅಂದ. ಇಷ್ಟು ಬರೆದರೂ ನನಗೆ ಆ ಮಾತು ಹೊಳೆದಿರಲಿಲ್ಲ. ಈ ಕೆಲಸವನ್ನು ಇನ್ನೂ ಬೇರೆ ತಂಡಗಳು ಪರೀಕ್ಷೆ ಮಾಡಬೇಕು, 150ಕ್ಕಿಂತ ಕಡಿಮೆ ಇದ್ದರೆ ನಿಜವಾಗಿ ಏನೂ ಹಾನಿ ಇಲ್ಲವೇ ಅನ್ನುವುದರ ಬಗ್ಗೆ ವಾದ ಇದೆ. ಆದರೆ 42 ವರ್ಷ ಕಾಯಿಲೆ ಏನು ಮಾಡುತ್ತಿತ್ತು ಅನ್ನುವ ಪ್ರಶ್ನೆಗೆ ಇಷ್ಟು ನೇರವಾದ ಉತ್ತರ ಇದಕ್ಕೂ ಮುಂಚೆ ಯಾರೂ ಕೊಟ್ಟಿರಲಿಲ್ಲ.

ಹಂಟಿಂಗ್ಟನ್ ಒಂದೇ ಅಲ್ಲ. ಹೀಗೆ ಸಣ್ಣ ಪದ ಮತ್ತೆ ಮತ್ತೆ ಬಂದು ಉದ್ದವಾಗುವುದರಿಂದ ಆಗುವ ಕಾಯಿಲೆಗಳು 50ಕ್ಕೂ ಹೆಚ್ಚಿವೆ, ಹೆಚ್ಚಿನವು ಮೆದುಳು, ನರ, ಸ್ನಾಯುವಿಗೆ ಸಂಬಂಧಪಟ್ಟವು. ಒಂದೊಂದರ ಪದ ಬೇರೆ, ಮಡಚುವ ರೀತಿ ಬೇರೆ.

ಸಿಟಿಜಿ ಪದ ಉದ್ದವಾದರೆ ಮಯೋಟೋನಿಕ್ ಡಿಸ್ಟ್ರೊಫಿ. ಇವರನ್ನು ಗುರುತು ಹಿಡಿಯುವುದು ಒಂದು ಸಲ ನೋಡಿದರೆ ಮರೆಯುವುದಿಲ್ಲ. ಕೈ ಕುಲುಕಿದರೆ ಕೈ ಬಿಡುವುದಿಲ್ಲ. ಪ್ರೀತಿ ಜಾಸ್ತಿ ಆಗಿ ಅಲ್ಲ, ಬೆರಳು ಬಿಚ್ಚುವುದೇ ಇಲ್ಲ. ಚೊಂಬು ಹಿಡಿದರೆ ಇಳಿಸಿದ ಮೇಲೂ ಮುಷ್ಟಿ ಹಾಗೇ ಇರುತ್ತದೆ, ನಿಧಾನಕ್ಕೆ ಒಂದೊಂದೇ ಬೆರಳು ಬಿಡಿಸಿಕೊಳ್ಳುತ್ತದೆ. ನಾಲ್ಕೈದು ಸಲ ಮುಷ್ಟಿ ಕಟ್ಟಿ ಬಿಚ್ಚಿದರೆ ಆಮೇಲೆ ಸಲೀಸು.

ಇಲ್ಲಿ ಪ್ರೋಟೀನ್ ಕೆಟ್ಟಿಲ್ಲ. 1992ರಲ್ಲಿ ಈ ಜೀನು ಸಿಕ್ಕಾಗ ಎಲ್ಲರೂ ತಲೆ ಕೆರೆದುಕೊಂಡರು, ಯಾಕೆಂದರೆ ಉದ್ದವಾದ ಸಿಟಿಜಿ ಇದ್ದದ್ದು ಪ್ರೋಟೀನಿನ ಮಾತು ಮುಗಿದ ಮೇಲಿನ ಖಾಲಿ ಜಾಗದಲ್ಲಿ. ಜೀನಿನಿಂದ ಇಳಿಯುವ ಆರ್‌ಎನ್‌ಎ ನಕಲಿನಲ್ಲಿ ಅದು ಸಿಯುಜಿ ಸಿಯುಜಿ ಅಂತ ನೂರಾರು, ಕೆಲವರಲ್ಲಿ ಸಾವಿರಾರು ಸಲ ಬರುತ್ತದೆ. ಆರ್‌ಎನ್‌ಎಗೆ ಜೋಡಿ ಎಳೆಯೇ ಇಲ್ಲ, ಒಂಟಿ ಎಳೆ. ಅದಕ್ಕೆ ಮಡಚಿಕೊಳ್ಳುವುದು ಇನ್ನೂ ಸುಲಭ. ಹೀಗೆ ಮಡಚಿದ ಉದ್ದ ಪಿನ್ನು ಕೋಶದ ನಡುವಿನ ನ್ಯೂಕ್ಲಿಯಸ್ಸಿನಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ, ಮೈಕ್ರೋಸ್ಕೋಪಿನಲ್ಲಿ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಅದಕ್ಕೆ ಮಸಲ್‌ಬ್ಲೈಂಡ್ ಅನ್ನುವ ಪ್ರೋಟೀನು ಅಂಟಿಕೊಳ್ಳುತ್ತದೆ, ಜಾಲಿ ಮುಳ್ಳಿಗೆ ಧೋತರ ಸಿಕ್ಕಿದ ಹಾಗೆ. ಮಸಲ್‌ಬ್ಲೈಂಡ್‌ನ ನಿಜವಾದ ಕೆಲಸ ಬೇರೆ ಜೀನುಗಳ ಆರ್‌ಎನ್‌ಎಯನ್ನು ಸರಿಯಾಗಿ ಕತ್ತರಿಸಿ ಜೋಡಿಸಲು ನೆರವಾಗುವುದು. ಅದು ಇಲ್ಲಿ ಸಿಕ್ಕಿಬಿದ್ದರೆ ಅಲ್ಲಿ ಕೆಲಸ ಕೆಡುತ್ತದೆ. ಕೆಡುವುದರಲ್ಲಿ ಒಂದು, ಸ್ನಾಯುವಿನಲ್ಲಿ ಕ್ಲೋರೈಡ್ ಹರಿಯುವ ಬಾಗಿಲಿನ ಜೀನು. ಬಾಗಿಲು ಕಡಿಮೆ ಆದರೆ ಬಿಗಿದ ಸ್ನಾಯು ಸಡಿಲ ಆಗುವುದು ತಡ. ಆದ್ದರಿಂದಲೇ ಚೊಂಬು ಬಿಟ್ಟರೂ ಮುಷ್ಟಿ ಬಿಡುವುದಿಲ್ಲ. ಒಂದು ಆರ್‌ಎನ್‌ಎ ಮಡಿಕೆಯಿಂದ ಬೆರಳ ತುದಿಯ ತನಕ ದಾರಿ ಇಷ್ಟು ಸ್ಪಷ್ಟವಾಗಿ ಸಿಕ್ಕಿರುವ ಕಾಯಿಲೆ ಬಹಳ ಕಡಿಮೆ.

ಒಂದು ಕೆಲಸದ ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಕಾಯಿಲೆ ಇರುವವರು ಯಾವುದೇ ಆಪರೇಷನ್‌ಗೆ ಮುಂಚೆ ಅರಿವಳಿಕೆ ಡಾಕ್ಟರಿಗೆ ಹೇಳಲೇಬೇಕು, ಇಸಿಜಿ ಆಗಾಗ ಮಾಡಿಸಬೇಕು. ಹೃದಯದ ಬಡಿತದ ತಂತಿಯೂ ಇದರಲ್ಲಿ ಕೆಡುತ್ತದೆ.

ಜಿಜಿಜಿಜಿಸಿಸಿ ಅನ್ನುವ ಆರಕ್ಷರದ ಪದ ಇನ್ನೂ ವಿಚಿತ್ರ. ಇದು ಸಿ9ಒಆರ್‌ಎಫ್72 ಅನ್ನುವ ಜೀನಿನಲ್ಲಿದೆ. ಇದೇ ಎಎಲ್‌ಎಸ್ (ಸ್ನಾಯು ನಡೆಸುವ ನರಕೋಶ ಸಾಯುವ ಕಾಯಿಲೆ) ಮತ್ತು ಒಂದು ಬಗೆಯ ಮರೆಗುಳಿ ಕಾಯಿಲೆಗೆ ಕಾರಣ ಆಗುತ್ತದೆ ಅಂತ 2011ರಲ್ಲಿ ಗೊತ್ತಾಯಿತು. ಯುರೋಪ್ ಮೂಲದವರಲ್ಲಿ ಎಎಲ್‌ಎಸ್‌ಗೆ ಎಲ್ಲಕ್ಕಿಂತ ಸಾಮಾನ್ಯವಾದ ಜೀನ್ ಕಾರಣ ಇದೇ, ಏಷ್ಯಾದವರಲ್ಲಿ ಕಡಿಮೆ. ಜಿ ಅಕ್ಷರಕ್ಕೆ ಒಂದು ಗುಣ ಇದೆ. ನಾಲ್ಕು ಜಿ ಸೇರಿದರೆ ಒಂದಕ್ಕೊಂದು ಕೈ ಹಿಡಿದು ಚೌಕವಾಗಿ ಕೂರುತ್ತವೆ, ಚೌಕದ ಮೇಲೆ ಚೌಕ ಕೂರುತ್ತದೆ, ಬುಟ್ಟಿಯಲ್ಲಿ ಖಡಕ್ ರೊಟ್ಟಿ ಒಟ್ಟಿದ ಹಾಗೆ. ನಡುವೆ ಪೊಟ್ಯಾಶಿಯಂ ಕೂತು ಗಟ್ಟಿ ಮಾಡುತ್ತದೆ. ನಮ್ಮ ಕೋಶದೊಳಗೆ ಪೊಟ್ಯಾಶಿಯಂ ಬೇಕಾದಷ್ಟು ಇದೆ. ಜಿ ಚೌಕದ ರಚನೆ 1962ರಲ್ಲೇ ಗೊತ್ತಾಗಿತ್ತು. ಪ್ರಯೋಗಾಲಯದ ಟ್ಯೂಬಿನಲ್ಲಿ ಬಿಟ್ಟು ಬೇರೆ ಕಡೆ ಇರುವುದಿಲ್ಲ ಅಂತ ಬಹಳ ಜನ ನಂಬಿದ್ದರು. 2013ರಲ್ಲಿ ಕೇಂಬ್ರಿಡ್ಜಿನಲ್ಲಿ, ಚೆನ್ನೈಯಲ್ಲಿ ಹುಟ್ಟಿದ ಶಂಕರ್ ಬಾಲಸುಬ್ರಮಣಿಯನ್ ಅವರ ತಂಡ ಮನುಷ್ಯರ ಕೋಶದಲ್ಲೇ ಇದನ್ನು ತೋರಿಸಿತು.

ಈ ನಾಲ್ಕೆಳೆ ಗಂಟು ಕಟ್ಟಿಕೊಂಡ ಆರ್‌ಎನ್‌ಎ ಒಂದು ಕಡೆ ಪ್ರೋಟೀನುಗಳನ್ನು ಅಂಟಿಸಿಕೊಳ್ಳುತ್ತದೆ. ಇನ್ನೊಂದು ಕಡೆ ಪ್ರೋಟೀನ್ ಮಾಡುವ ಯಂತ್ರವನ್ನೇ ದಾರಿ ತಪ್ಪಿಸುತ್ತದೆ. ಸಾಮಾನ್ಯವಾಗಿ ಎಯುಜಿ ಅನ್ನುವ ಶುರುವಿನ ಗುರುತು ಇಲ್ಲದೇ ಯಂತ್ರ ಓದಲು ಶುರು ಮಾಡುವುದಿಲ್ಲ. 2011ರಲ್ಲಿ ಲಾರಾ ರಾನಮ್ ಅವರ ತಂಡ, ಇಂಥ ಮಡಚಿದ ಉದ್ದ ಸಾಲುಗಳಲ್ಲಿ ಶುರುವಿನ ಗುರುತು ಇಲ್ಲದೆಯೂ ಓದು ಶುರುವಾಗುತ್ತದೆ ಅಂತ ತೋರಿಸಿತು. ಪುಸ್ತಕದಲ್ಲಿ ಬರೆಯದ ಪಾಠವನ್ನು ಓದಿದ ಹಾಗೆ ಕೋಶದಲ್ಲಿ ಯಾರಿಗೂ ಬೇಡದ ಪ್ರೋಟೀನುಗಳು ಹುಟ್ಟುತ್ತವೆ. ಸಿ9ಒಆರ್‌ಎಫ್72ರಲ್ಲಿ ಅಂಥ ಐದು ಬಗೆ ಇವೆ. 2017ರಲ್ಲಿ ಅಂಕುರ್ ಜೈನ್ ಮತ್ತು ರೊನಾಲ್ಡ್ ವೇಲ್ ಇನ್ನೊಂದು ತೋರಿಸಿದರು. ಒಂದು ಆರ್‌ಎನ್‌ಎ ತನ್ನೊಳಗೆ ಮಡಚುವುದಷ್ಟೇ ಅಲ್ಲ, ಪಕ್ಕದ ಆರ್‌ಎನ್‌ಎಯನ್ನೂ ಹಿಡಿದು ಎಲ್ಲ ಸೇರಿ ಗಂಜಿ ಹೆಪ್ಪುಗಟ್ಟಿದ ಹಾಗೆ ಆಗುತ್ತವೆ, ಅದೂ ಸಾಲು ಒಂದು ಮಿತಿ ದಾಟಿದ ಮೇಲೆ. ಆ ಮಿತಿ ಕಾಯಿಲೆ ಶುರುವಾಗುವ ಮಿತಿಗೆ ಹತ್ತಿರ ಹತ್ತಿರ ಬರುತ್ತದೆ.

ಇನ್ನು ಜಿಎಎ. ಇದರಿಂದ ಬರುವುದು ಫ್ರೀಡ್ರೈಕ್ ಅಟಾಕ್ಸಿಯಾ. ಸಾಮಾನ್ಯವಾಗಿ ಶಾಲೆ ಕಾಲೇಜು ವಯಸ್ಸಿನಲ್ಲಿ ನಡಿಗೆ ತೂರಾಡಲು ಶುರುವಾಗಿ ಕೊನೆಗೆ ಗಾಲಿ ಕುರ್ಚಿ. ಇಲ್ಲಿ ಡಿಎನ್‌ಎ ಎರಡರ ಬದಲು ಮೂರು ಎಳೆಯಾಗಿ ಸುತ್ತಿಕೊಳ್ಳುತ್ತದೆ, ಜೀನ್ ಓದುವ ಯಂತ್ರ ಅಲ್ಲಿಗೆ ಬಂದು ಸಿಕ್ಕಿಹಾಕಿಕೊಳ್ಳುತ್ತದೆ, ಆ ಜಾಗವನ್ನೇ ಕೋಶ ಬೀಗ ಹಾಕಿಬಿಡುತ್ತದೆ, ಫ್ರಾಟಾಕ್ಸಿನ್ ಅನ್ನುವ ಪ್ರೋಟೀನು ಕಡಿಮೆ ಬೀಳುತ್ತದೆ. ಹಂಟಿಂಗ್ಟನ್‌ನಲ್ಲಿ ಕೆಟ್ಟದ್ದು ಹುಟ್ಟುವುದು ತೊಂದರೆ, ಇಲ್ಲಿ ಬೇಕಾದದ್ದು ಹುಟ್ಟದಿರುವುದು ತೊಂದರೆ.

ನಮ್ಮ ಕಡೆಗೆ ಈ ವ್ಯತ್ಯಾಸ ಬಹಳ ಮುಖ್ಯ. ಬೆಳಗಾವಿ, ಬಾಗಲಕೋಟೆ, ವಿಜಯಪುರದಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವುದು ಈಗಲೂ ನಡೆಯುತ್ತದೆ. ಯಾವುದೇ ಮಗುವಿಗೆ ಏನೇ ಆದರೂ "ಸಂಬಂಧದೊಳಗ ಮಾಡಿದ್ರಿ, ಅದಕ್ಕ" ಅನ್ನುವುದು ರೂಢಿ. ಫ್ರೀಡ್ರೈಕ್‌ನಂಥ ಕಾಯಿಲೆಗೆ ಆ ಮಾತು ಸರಿ, ಅಪ್ಪ ಅಮ್ಮ ಇಬ್ಬರಿಂದಲೂ ಉದ್ದವಾದ ಜೀನು ಬಂದರೆ ಮಾತ್ರ ಕಾಯಿಲೆ, ಒಂದೇ ಮನೆತನದೊಳಗೆ ಮದುವೆಯಾದರೆ ಆ ಸಾಧ್ಯತೆ ಜಾಸ್ತಿ. ಆದರೆ ಹಂಟಿಂಗ್ಟನ್, ಮಯೋಟೋನಿಕ್ ಡಿಸ್ಟ್ರೊಫಿ, ನಡಿಗೆ ತೂರಾಡಿಸುವ ಎಸ್‌ಸಿಎ ಅನ್ನುವ ಗುಂಪಿನ ಹೆಚ್ಚಿನ ಅಟಾಕ್ಸಿಯಾಗಳಿಗೆ ಒಬ್ಬರಿಂದ ಬಂದರೆ ಸಾಕು. ಪರವೂರಿನ ಹೆಣ್ಣು ತಂದರೂ ಅಷ್ಟೇ, ಆ ಜೀನು ಬಾರದ ಅಕ್ಕನ ಮಗಳನ್ನು ತಂದರೂ ಅಷ್ಟೇ. ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಈ ಹುಡುಗನ ಅಮ್ಮನಿಗೆ ಗಂಡ ಸೋದರಮಾವನೇ. ಇಷ್ಟು ವರ್ಷ ಆಕೆ "ನನ್ನಿಂದ ಆತು" ಅಂದುಕೊಂಡಿದ್ದರಂತೆ, ಅತ್ತೆ ಮನೆಯಲ್ಲೂ ಹಾಗೇ ಅನ್ನಿಸಿಕೊಂಡಿದ್ದರಂತೆ. ಗಂಡನ ಕಾಯಿಲೆಯಲ್ಲಿ ಆಕೆಗೆ ಯಾವ ಪಾತ್ರವೂ ಇಲ್ಲ.

ಮುತ್ತಜ್ಜನಿಗೆ ಮುಪ್ಪಿನಲ್ಲಿ, ಅಜ್ಜನಿಗೆ ಐವತ್ತಕ್ಕೆ, ಅಪ್ಪನಿಗೆ ನಲವತ್ತಕ್ಕೆ ಅಂತ ಕಾಯಿಲೆ ಬೇಗ ಬೇಗ ಬರುವುದನ್ನೂ ಜನ ಶಾಪ ಅಂತ ತಿಳಿಯುತ್ತಾರೆ. ತಮಾಷೆ ಅಂದರೆ 1948ರಲ್ಲಿ ಲಯನೆಲ್ ಪೆನ್‌ರೋಸ್ ಅನ್ನುವ ದೊಡ್ಡ ವಿಜ್ಞಾನಿ, ಇದೆಲ್ಲ ರೋಗಿಗಳನ್ನು ಆರಿಸುವ ರೀತಿಯಿಂದ ಬರುವ ಭ್ರಮೆ ಅಂತ ವಾದ ಮಾಡಿದ್ದರು, ನಲವತ್ತು ವರ್ಷ ಬಹಳ ಜನ ಅದನ್ನೇ ನಂಬಿದರು. ಮನೆಯ ಹಿರಿಯರು ಕಂಡದ್ದು ನಿಜ ಇತ್ತು. ತಲೆಮಾರಿನಿಂದ ತಲೆಮಾರಿಗೆ ಸಾಲು ಉದ್ದವಾಗುತ್ತದೆ, ಹಂಟಿಂಗ್ಟನ್‌ನಲ್ಲಿ ಅಪ್ಪನಿಂದ ಬಂದಾಗ ಇದು ಜಾಸ್ತಿ.

ಇನ್ನು ಆ ದೊಡ್ಡ ಟೆಸ್ಟ್. ಎಕ್ಸೋಮ್ ಪರೀಕ್ಷೆಯಲ್ಲಿ ಡಿಎನ್‌ಎಯನ್ನು ಚೂರು ಮಾಡಿ ಸುಮಾರು 150 ಅಕ್ಷರದ ತುಂಡುಗಳಾಗಿ ಓದಿ ಕಂಪ್ಯೂಟರಿನಲ್ಲಿ ಮತ್ತೆ ಜೋಡಿಸುತ್ತಾರೆ. ಒಂದು ಪುಟದ ತುಂಬ ಒಂದೇ ಪದ ಇದ್ದು ಆ ಪುಟವನ್ನು ಹರಿದರೆ, ತುಂಡು ನೋಡಿ ಪದ ಎಷ್ಟು ಸಲ ಇತ್ತು ಅಂತ ಹೇಳಲು ಆಗುತ್ತದೆಯೇ? ಎಲ್ಲ ತುಂಡೂ ಒಂದೇ ಥರ. ಅಕ್ಷರ ತಪ್ಪಿದ್ದರೆ ಈ ಟೆಸ್ಟ್ ಹಿಡಿಯುತ್ತದೆ, ಇಲ್ಲಿ ಅಕ್ಷರ ಒಂದೂ ತಪ್ಪಿಲ್ಲ, ಎಣಿಕೆ ತಪ್ಪಿದೆ. ಆ ಲ್ಯಾಬಿನ ರಿಪೋರ್ಟಿನ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿ, ಪುನರಾವರ್ತನೆಯ ಕಾಯಿಲೆಗಳು ಈ ಪರೀಕ್ಷೆಯಲ್ಲಿ ಸಿಗುವುದಿಲ್ಲ ಅಂತ ಬರೆದೇ ಇತ್ತು. ಬರೆದಿದ್ದಾರೆ, ಸರಿ. ಎಮ್ಮೆ ಮಾರಿ ಬಂದವರಿಗೆ ಅದನ್ನು ಬಾಯಿಬಿಟ್ಟು ಹೇಳುವವರು ಯಾರಾದರೂ ಇರಬೇಕಿತ್ತು ಅಂತ ನನಗೆ ಈಗಲೂ ಸಿಟ್ಟಿದೆ. ಮನೆಯಲ್ಲಿ ತಲೆತಲಾಂತರದಿಂದ ಇಂಥ ಕಾಯಿಲೆ ಇದ್ದರೆ, "ರಿಪೀಟ್ ಎಣಿಸುವ ಟೆಸ್ಟ್ ಆಗಿದೆಯಾ" ಅಂತ ನೀವೇ ಕೇಳಿ. ನಮ್ಮ ದೇಶದಲ್ಲಿ ಎಸ್‌ಸಿಎ1, ಎಸ್‌ಸಿಎ2 ಸಾಕಷ್ಟು ಇವೆ, ಉತ್ತರ ಭಾರತದ ಅಗರ್ವಾಲ್ ಸಮುದಾಯದಲ್ಲಿ ಎಸ್‌ಸಿಎ12 ಹೆಚ್ಚು. ಒಂದೊಂದನ್ನೂ ಬೇರೆ ಬೇರೆ ಎಣಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕೆಲಸ ಬಹಳ ವರ್ಷದಿಂದ ನಡೆಯುತ್ತಿದೆ, ವಿಜಯಪುರದಿಂದ ಒಂದು ರಾತ್ರಿ ಬಸ್ಸಿನ ದೂರ.

ಔಷಧಿಯ ಮಾತು ಬಂದಾಗ ನಾನು ಹುಡುಗನಿಗೆ ಹುಷಾರಾಗಿ ಹೇಳಿದೆ. ಕೆಟ್ಟ ಪ್ರೋಟೀನ್ ಕಡಿಮೆ ಮಾಡುವ ದಾರಿಯನ್ನೇ ಎಲ್ಲರೂ ಮೊದಲು ಹಿಡಿದರು. ಟೋಮಿನರ್ಸೆನ್ ಅನ್ನುವ ಔಷಧಿಯ ದೊಡ್ಡ ಪ್ರಯೋಗವನ್ನು 2021ರ ಮಾರ್ಚ್‌ನಲ್ಲಿ ನಡುವೆಯೇ ನಿಲ್ಲಿಸಿದರು. 2025ರ ಸೆಪ್ಟೆಂಬರ್‌ನಲ್ಲಿ ಯುನಿಕ್ಯೂರ್ ಕಂಪನಿ, ಮೆದುಳಿನ ಆಳಕ್ಕೆ ಆಪರೇಷನ್ ಮಾಡಿ ಕೊಡುವ ಎಎಂಟಿ-130 ಅನ್ನುವ ಜೀನ್ ಚಿಕಿತ್ಸೆಯಿಂದ ಮೂರು ವರ್ಷದಲ್ಲಿ ಕಾಯಿಲೆಯ ಓಟ ಶೇ. 75ರಷ್ಟು ನಿಧಾನ ಆಯಿತು ಅಂತ ಹೇಳಿತು. ವಾಟ್ಸಾಪಿನಲ್ಲಿ "ಹಂಟಿಂಗ್ಟನ್‌ಗೆ ಔಷಧಿ ಸಿಕ್ಕಿತು" ಅಂತ ಓಡಿದ್ದು ಅದೇ. ಆ 75ರ ಹಿಂದೆ ಇದ್ದದ್ದು ಹೆಚ್ಚು ಡೋಸ್ ತೆಗೆದುಕೊಂಡು ಮೂರು ವರ್ಷ ಮುಗಿಸಿದ 12 ಜನ. ಹೋಲಿಸಿದ್ದು ಬೇರೆ ಕಡೆ ದಾಖಲಾಗಿದ್ದ ರೋಗಿಗಳ ಜೊತೆ. ಈ ಹೋಲಿಕೆ ಸಾಕು ಅಂತ ಅಮೆರಿಕದ ಎಫ್‌ಡಿಎ ಒಪ್ಪುತ್ತಿಲ್ಲ ಅಂತ ಕಂಪನಿಯೇ ನವೆಂಬರ್‌ನಲ್ಲಿ ಹೇಳಿತು. ಆಸೆ ಪಡಬಾರದು ಅಂತಲ್ಲ, ಹೊಲ ಮಾರಬಾರದು ಅಷ್ಟೇ.

ನನಗೆ ಜಾಸ್ತಿ ನಂಬಿಕೆ ಇರುವುದು ಇನ್ನೊಂದು ದಾರಿಯ ಮೇಲೆ, ತೇಪೆ ಹಾಕುವುದನ್ನೇ ತಡೆಯುವುದು. ಎಂಎಸ್‌ಎಚ್3ಯನ್ನು ತಗ್ಗಿಸುವ ಔಷಧಿಗಳ ಮೇಲೆ ಕೆಲಸ ನಡೆದಿದೆ. 2020ರಲ್ಲಿ ಜಪಾನ್ ಮತ್ತು ಕೆನಡಾದವರು ಸೇರಿ, ಸಿಎಜಿ ಪಿನ್ನಿನ ಎ-ಎ ಜಾಗಕ್ಕೇ ಹೋಗಿ ಕೂರುವ ಒಂದು ಸಣ್ಣ ಅಣುವನ್ನು ಇಲಿಯ ಮೆದುಳಿಗೆ ಕೊಟ್ಟಾಗ ಸಾಲು ಬೆಳೆಯುವ ಬದಲು ಸ್ವಲ್ಪ ಕುಗ್ಗಿತು ಅಂತ ತೋರಿಸಿದ್ದಾರೆ. ಮೀಟರ್ ಬಡ್ಡಿ ಹಿಂದಕ್ಕೆ ಓಡಿದ ಹಾಗೆ. ಇಲಿಯಲ್ಲಿ. ರಿಪೇರಿ ಜೋಡಿಯನ್ನು ಸುಮ್ನೆ ಎಲ್ಲ ಕಡೆ ಬಂದ್ ಮಾಡುವಂತಿಲ್ಲ, ಎಂಎಸ್‌ಎಚ್2 ಇಲ್ಲದಿದ್ದರೆ ಕ್ಯಾನ್ಸರ್ ಬರುವ ಸಾಧ್ಯತೆ ಏರುತ್ತದೆ, ಅದಕ್ಕೇ ಎಂಎಸ್‌ಎಚ್3 ಮೇಲೆ ಎಲ್ಲರ ಕಣ್ಣು. ಫ್ರೀಡ್ರೈಕ್‌ಗೆ ಮಾತ್ರ 2023ರಲ್ಲಿ ಒಮಾವೆಲೊಕ್ಸೊಲೋನ್ ಅನ್ನುವ ಮಾತ್ರೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ, ಅದು ಓಟ ನಿಧಾನ ಮಾಡುತ್ತದೆ, ಮೂರೆಳೆಯ ಗಂಟು ಬಿಡಿಸುವುದಿಲ್ಲ.

ಹುಡುಗನಿಗೆ ಈಗ 24. ತನ್ನ ಟೆಸ್ಟ್ ಮಾಡಿಸಿಲ್ಲ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಮಾಡಿಸಲೋ ಬೇಡವೋ ಅಂತ ಕೇಳಿದ. ಮಾಡಿಸು ಅಂತಲೂ ನಾನು ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಮೊದಲು ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತು ಮಾತಾಡು, ನಂಬರು ಗೊತ್ತಾದ ಮೇಲೆ ಗೊತ್ತಿಲ್ಲದ ಹಾಗೆ ಇರಲು ಆಗುವುದಿಲ್ಲ, ಹುಡುಗಿಯ ಮನೆಯವರಿಗೆ ಅಪ್ಪನ ವಿಷಯವನ್ನಂತೂ ಮುಚ್ಚಬೇಡ ಅಂದೆ. ತಂಗಿಗೆ ಹದಿನಾರು. ಅವಳ ಟೆಸ್ಟ್ ಮಾತು ಈಗ ಎತ್ತಲೇಬೇಡ, ಹದಿನೆಂಟು ಆಗಲಿ, ಅವಳೇ ಕೇಳಲಿ ಅಂದೆ.

ನನ್ನ ಹೆಂಡತಿ ಚಹಾ ತಂದಳು. ಹುಡುಗ "ಅಕ್ಕಾರ, ಅಪ್ಪಗ ಅರ್ಧಾ ಕಪ್ ಸಾಕ್ರಿ" ಅಂದ. ಅರ್ಧ ತುಂಬಿದ ಲೋಟವನ್ನು ಅಪ್ಪ ಎರಡೂ ಕೈಯಲ್ಲಿ ಹಿಡಿದು, ಮೊಣಕೈಯನ್ನು ಪಕ್ಕೆಗೆ ಒತ್ತಿ, ಬಗ್ಗಿ ಬಾಯನ್ನೇ ಲೋಟದ ಹತ್ತಿರ ತಂದರು. ಒಂದು ಹನಿ ಚೆಲ್ಲಲಿಲ್ಲ. ಲೋಟ ಇಳಿಸಿ, ಇಷ್ಟು ಹೊತ್ತು ಮಾತಾಡದೆ ಕೂತಿದ್ದವರು, ತೊದಲುತ್ತಾ ನನ್ನನ್ನು ಕೇಳಿದರು.

"ಸರ, ಅವಂಗೂ ಐತೇನ್ರಿ?"

"ಗೊತ್ತಿಲ್ರಿ," ಅಂದೆ. "ಅರ್ಧಕ್ಕರ್ಧ."

"ಅರ್ಧಾ ಅಂದ್ರ ಇಲ್ಲಾನೂ ಆಗಬಹುದಲ್ರಿ."

"ಆಗಬಹುದ್ರಿ."

ತಲೆ ಆಡಿಸಿದರು, ಬೇಕಂತಲೇ ಆಡಿಸಿದ್ದೋ ತಾನಾಗಿ ಆಡಿದ್ದೋ ನನಗೆ ತಿಳಿಯಲಿಲ್ಲ. ಹುಡುಗ ಹಾಳೆಯನ್ನು ಮಡಚಿ ಕವರಿನೊಳಗೆ ಇಟ್ಟುಕೊಂಡು, "ನಡಿ ಯಪ್ಪಾ, ಬಾಗೇವಾಡಿ ಬಸ್ ಟೈಮ್ ಆತು" ಅಂದ.